ಬೋರಿಗೆ ಹಾಕಿಸಿದ ಮೊಬೈಲ್ ಕಂಟ್ರೋಲರ್, ನಮ್ಮತ್ತೆ ಗೋಡೆ ಮೇಲೆ ಎಳೆದ ಗೀಟು

ಹೋದ ದಸರಾ ಕಳೆದ ಮೇಲೆ ನಮ್ಮ ಬೋರಿಗೆ ಒಂದು ಮೊಬೈಲ್ ಕಂಟ್ರೋಲರ್, ಅಂದರೆ ಫೋನಿನಿಂದಲೇ ಮೋಟರ್ ಹಾಕಿ ಆರಿಸೋ ಪೆಟ್ಟಿಗೆ, ಹಾಕಿಸಿದೆವು. ನಮ್ಮ ಕಡೆ ಕೆಲವರು ಇದನ್ನು ಮೊಬೈಲ್ ಸ್ಟಾರ್ಟರ್ ಅನ್ನುತ್ತಾರೆ, ಕೆಲವರು ಬರೀ ‘ಆಟೋ’ ಅನ್ನುತ್ತಾರೆ. ಪೆಟ್ಟಿಗೆ ಮೇಲೆ ಮಾತ್ರ ದಪ್ಪಕ್ಷರದಲ್ಲಿ ಪಂಪ್ ಕಂಟ್ರೋಲರ್ ಅಂತಲೇ ಇದೆ. ಕಂಪನಿ ಹೆಸರು ಹೇಳಲ್ಲ. ಆದ ತೊಂದರೆ ಪೆಟ್ಟಿಗೆಯದೋ, ಕೂರಿಸಿದವರದೋ, ನೋಡಿಕೊಳ್ಳದ ನನ್ನದೋ ಅಂತ ಪಾಲು ಹಾಕೋದು ಕಷ್ಟ. ಸುಮ್ನೆ ಒಬ್ಬರ ತಲೆಗೆ ಕಟ್ಟೋದು ಬೇಡ. ಎಂಟು ತಿಂಗಳು ಬಳಸಿದ್ದೇನೆ, ಅಷ್ಟರಲ್ಲಿ ಒಂದು ಟೊಮೆಟೊ ಬೆಳೆ ಪೂರ್ತಿ ಮುಗಿದು ಇನ್ನೊಂದು ಕಾಯಿ ಕಟ್ಟಿದೆ. ಬರೆಯೋಕೆ ಅಷ್ಟು ಸಾಕು.

ನಮ್ಮದು ಕೋಲಾರದಿಂದ ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿ. ಎರಡೂವರೆ ಎಕರೆ, ಪೂರ್ತಿ ಡ್ರಿಪ್ಪು. ಒಂದೇ ಬೋರು, 1,100 ಅಡಿ, ಹತ್ತು ಎಚ್‌ಪಿ ಮೋಟರ್. ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ನಾನು ಕೋಲಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ಹಾಗಾಗಿ ಹಗಲೆಲ್ಲ ತೋಟ ನೋಡೋದು ನಮ್ಮತ್ತೆ. ತ್ರೀಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಲೆಕ್ಕ, ಅದೂ ಪಾಳಿ ಮೇಲೆ, ಒಮ್ಮೆ ಹಗಲು, ಒಮ್ಮೆ ರಾತ್ರಿ. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೆ ಕರೆಂಟು ಬಂದರೆ ಅರವತ್ತೆಂಟು ವರ್ಷದ ಹೆಂಗಸು ಟಾರ್ಚ್ ಹಿಡಿದು ಮೋಟರ್ ಮನೆ ತನಕ ನಡೆಯಬೇಕು. ದಾರಿಯಲ್ಲಿ ಹುಳ ಹುಪ್ಪಟೆ ಬೇರೆ. ನಾವು ಪೆಟ್ಟಿಗೆ ತಗೊಂಡಿದ್ದು ಇದೊಂದೇ ಕಾರಣಕ್ಕೆ.

ಬೆಲೆ 5,200 ರೂಪಾಯಿ, ಕೂರಿಸಿದ್ದಕ್ಕೆ ಐನೂರು ಬೇರೆ. ಒಳಗೆ ಒಂದು ಸಿಮ್ ಹಾಕುತ್ತಾರೆ. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಹಳೇ ಮಾಡೆಲ್ ಪೆಟ್ಟಿಗೆಗಳು 2ಜಿ, ಅದಕ್ಕೆ ಜಿಯೋ ಸಿಮ್ ಹಾಕಿದರೆ ನಡೆಯಲ್ಲ, ಯಾಕಂದರೆ ಜಿಯೋದವರಿಗೆ 2ಜಿ ಇಲ್ಲವೇ ಇಲ್ಲ. 4ಜಿ ಪೆಟ್ಟಿಗೆಯನ್ನೇ ಕೇಳಿ ತಗೊಳ್ಳಿ. ಮಾಮೂಲಿ ಸ್ಟಾರ್ಟರ್ ಪಕ್ಕದಲ್ಲಿ ಇದನ್ನು ತಿರುಪು ಹಾಕಿ ಕೂರಿಸಿ, ಮೋಟರಿಗೆ ಹೋಗೋ ವೈರಿನ ಸುತ್ತ ಬಳೆ ಥರದ್ದೊಂದು ಕಾಯಿಲ್ ತೂರಿಸುತ್ತಾರೆ. ಎಷ್ಟು ಆಂಪ್ಸ್ ಎಳೀತಿದೆ ಅಂತ ಆ ಬಳೆ ಹೇಳುತ್ತದೆ. ಫೋನ್ ಮಾಡಿ ಒಂದು ಒತ್ತಿದರೆ ಆನ್, ಎರಡು ಒತ್ತಿದರೆ ಆಫ್. ‘ಆಟೋ’ಗೆ ಹಾಕಿಟ್ಟರೆ ಕರೆಂಟು ಬಂದ ಎರಡು ನಿಮಿಷಕ್ಕೆ ತಾನೇ ಹತ್ತಿಕೊಳ್ಳುತ್ತದೆ. ಒಂದು ಫೇಸ್ ಹೋದರೆ, ವೋಲ್ಟೇಜ್ ಬಿದ್ದರೆ, ಬೋರಿನಲ್ಲಿ ನೀರು ಮುಗಿದರೆ ತಾನೇ ನಿಲ್ಲುತ್ತದೆ. ಹೀಗಂತ ಕೂರಿಸೋಕೆ ಬಂದ ಹುಡುಗ ಹೇಳಿದ.

ಅವನು ತಿರುಪು ಹಾಕುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು, ‘ಇದೇನಮ್ಮಾ ಇದು?’ ಅಂದರು. ಕಂಟ್ರೋಲರ್ ಅಂದೆ. ‘ಕಂಟ್ರೋಲ್ ಅಂದ್ರೆ ರೇಷನ್ ಅಂಗಡಿ ಅಲ್ವೇನಮ್ಮಾ? ಅದ್ಯಾಕೆ ಬಂತು ನಮ್ಮ ಮೋಟರ್ ಮನೆಗೆ?’

ಹುಡುಗ ನಕ್ಕ. ನಾನೂ ನಕ್ಕೆ. ಆಮೇಲೆ ನೋಡಿದರೆ ನಗಬೇಕಾದವರು ನಾವಲ್ಲ.

ಅತ್ತೆ ಕಾಲದಲ್ಲಿ ನ್ಯಾಯಬೆಲೆ ಅಂಗಡಿಗೆ ಕಂಟ್ರೋಲ್ ಅಂಗಡಿ ಅಂತಲೇ ಹೆಸರು. ಎರಡನೇ ಮಹಾಯುದ್ಧದ ಹೊತ್ತಿಗೆ ರೇಷನ್ ಬಂತು, ಅಕ್ಕಿ, ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ಸರ್ಕಾರ ದರ ಕಟ್ಟಿತು. ಕಂಟ್ರೋಲ್ ರೇಟು, ಕಂಟ್ರೋಲ್ ಸೀರೆ, ಕಂಟ್ರೋಲ್ ಅಂಗಡಿ. ಯುದ್ಧ ಮುಗಿದರೂ ಹೆಸರು ಉಳಿಯಿತು. ಆಗ ಅಲ್ಲಿ ಎರಡು ಕಿಲೋ ಸಕ್ಕರೆ ತಂದರೆ ಅಂಗಡಿಯ ರಿಜಿಸ್ಟರಿನಲ್ಲಿ ಒಂದು ಸಲ ಬರೆಯುತ್ತಿದ್ದರು, ನಮ್ಮ ಕಾರ್ಡಿನಲ್ಲಿ ಇನ್ನೊಂದು ಸಲ ಬರೆಯುತ್ತಿದ್ದರು. ಈ ಎರಡು ಸಲ ಬರೆಯೋದನ್ನು ನೆನಪಿಟ್ಟುಕೊಳ್ಳಿ.

ಮೊದಲ ಎರಡು ತಿಂಗಳು ನನಗೆ ಈ ಪೆಟ್ಟಿಗೆ ಮೇಲೆ ಪ್ರೀತಿಯೋ ಪ್ರೀತಿ. ಸ್ಟಾಫ್ ರೂಮಿನಲ್ಲಿ ಕೂತು ಮೋಟರ್ ಹಾಕೋದು, ಆರಿಸೋದು. ಮೆಸೇಜ್ ಬರುತ್ತದೆ, ಮೋಟರ್ ಆನ್, ಇಷ್ಟು ವೋಲ್ಟೇಜು, ಇಷ್ಟು ಆಂಪ್ಸು. ನಿಂತಾಗ ಇನ್ನೊಂದು, ಮೋಟರ್ ಆಫ್, ಓಡಿದ ಸಮಯ ಇಷ್ಟು. ಜೊತೆಯ ಮೇಷ್ಟ್ರಿಗೆಲ್ಲ ತೋರಿಸಿದ್ದೂ ಆಯಿತು. ಎಲ್ಲ ನನ್ನ ಕಂಟ್ರೋಲಿನಲ್ಲಿದೆ ಅಂತ ಜಂಬ ಬೇರೆ.

ಸಂಕ್ರಾಂತಿ ಆಗಿ ಬಿಸಿಲು ಏರೋಕೆ ಶುರುವಾಯಿತು. ಹಗಲು ಪಾಳಿಯ ವಾರ. ಭಾನುವಾರ ಮೋಟರ್ ಮನೆಗೆ ಹೋದಾಗ ಬಾಗಿಲ ಪಕ್ಕದ ಗೋಡೆ ಮೇಲೆ ಇದ್ದಿಲಲ್ಲಿ ಎಳೆದ ಗೀಟುಗಳು ಕಂಡವು. ನಾಲ್ಕು ಉದ್ದ ಗೀಟು, ಅದರ ಮೇಲೆ ಒಂದು ಅಡ್ಡ. ಸಾಲಾಗಿ ದಿನಕ್ಕೊಂದರಂತೆ. ಏನತ್ತೆ ಇದು ಅಂದರೆ, ‘ವಾಲು ತಿರುಗಿಸಿದ್ದಕ್ಕಮ್ಮಾ. ಮರ್ತೋಗ್ತದೆ’ ಅಂದರು. ನಮ್ಮ ಡ್ರಿಪ್ಪಿಗೆ ಎಂಟು ಗೇಟ್‌ವಾಲು, ಒಂದೊಂದಕ್ಕೆ ಅರ್ಧ ಗಂಟೆ. ಒಂದು ವಾಲು ಪೂರ್ತಿ ನೀರು ಕುಡಿದ ಮೇಲೆ ಒಂದು ಗೀಟು.

ಸುಮ್ನೆ ಫೋನ್ ತೆಗೆದು ನೋಡಿದೆ. ಹಿಂದಿನ ದಿನದ ಮೆಸೇಜು, ಓಡಿದ ಸಮಯ 3 ಗಂಟೆ 55 ನಿಮಿಷ. ಅಂದರೆ ಹತ್ತಿರ ಹತ್ತಿರ ಎಂಟು ಗೀಟು ಇರಬೇಕು. ಗೋಡೆ ಮೇಲೆ ಐದೇ ಐದು. ಅದರ ಹಿಂದಿನ ದಿನ ಫೋನಲ್ಲಿ ನಾಲ್ಕು ಗಂಟೆ ಚಿಲ್ಲರೆ, ಗೋಡೆಯಲ್ಲಿ ಐದು. ಗುರುವಾರ ಮೂರು ಮುಕ್ಕಾಲು, ಗೋಡೆಯಲ್ಲಿ ನಾಲ್ಕು. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ನಿಜ ಹೇಳಬೇಕಂದರೆ ನನ್ನ ಮೊದಲ ಅನುಮಾನ ಹೋಗಿದ್ದು ಅತ್ತೆ ಮೇಲೆ. ಹಸು ಕಡೆ ಹೋಗಿ ಗೀಟು ಹಾಕೋದು ಮರೆತಿರುತ್ತಾರೆ ಅಂದುಕೊಂಡೆ. ಕೇಳಿದ್ದಕ್ಕೆ ಅತ್ತೆ ಅಂದಿದ್ದು ಹೀಗೆ. ‘ಮರ್ತಿಲ್ಲ. ಐದು ವಾಲು ಆದ್ಮೇಲೆ ನೀರು ನಿಂತೋಯ್ತು. ನಿಂತರೆ ಅದೇ ಆಫ್ ಮಾಡ್ಕೊಂತದೆ ಅಂತ ಆ ಹುಡುಗ ಹೇಳಿದ್ನಲ್ಲಾ, ನಾನು ಹಾಲು ಕರೆಯೋಕೆ ಹೋದೆ.’

ಆಗ ಹೊಟ್ಟೆಯೊಳಗೆ ತಣ್ಣಗಾಯಿತು. ನೀರು ನಿಂತಿದೆ, ಮೋಟರ್ ನಿಂತಿಲ್ಲ. ದಿನಾ ಒಂದೂವರೆ ಗಂಟೆ ಒಣಗಿದ ಬೋರಿನಲ್ಲಿ ತಿರುಗುತ್ತಿದೆ. ಸಬ್‌ಮರ್ಸಿಬಲ್ ಮೋಟರಿಗೆ ಸುತ್ತ ಹರಿಯೋ ನೀರೇ ತಂಪು. ನೀರಿಲ್ಲದೆ ಓಡಿದರೆ ಒಳಗಿನ ಕಾಯಿಲ್ ಸುಡುತ್ತದೆ. ಅದು ಇರೋದು ನೂರಾರು ಅಡಿ ಕೆಳಗೆ, ಮೇಲೆ ನಿಂತವರಿಗೆ ಸದ್ದೂ ಇಲ್ಲ, ಬಿಸಿಯೂ ಇಲ್ಲ. ಮತ್ತೆ ಎಲ್ಲ ಮೆಸೇಜನ್ನೂ ಓದಿದೆ. ನಿಂತಿದ್ದಕ್ಕೆ ಕಾರಣವೂ ಅದರಲ್ಲೇ ಇರುತ್ತದೆ, ನಾನು ಒಂದು ದಿನವೂ ಓದಿರಲಿಲ್ಲ. ಎಲ್ಲದರಲ್ಲೂ ಒಂದೇ ಕಾರಣ, ಪವರ್ ಫೇಲ್. ನೀರಿಲ್ಲ ಅಂತ ಪೆಟ್ಟಿಗೆ ಒಂದು ದಿನವೂ ನಿಂತಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ‘ಅಕ್ಕಾ, ಸೆಟ್ಟಿಂಗು ಎಲ್ಲಾ ಫ್ಯಾಕ್ಟರೀಲೇ ಮಾಡಿ ಬಂದಿರ್ತದೆ, ಮುಟ್ಟೋ ಹಂಗಿಲ್ಲ’ ಅಂತ ಉತ್ತರ ಬಂತು. ಮೂರು ಸಲ ಫೋನ್ ಮಾಡಿದ ಮೇಲೆ, ನಾಲ್ಕನೇ ದಿನ ಬೇರೆ ಹುಡುಗ ಬಂದ. ಒಳ್ಳೆ ಹುಡುಗ, ಕೆಲಸ ಗೊತ್ತಿದ್ದವನು. ನೀರು ಬರುವಾಗ ನಮ್ಮ ಮೋಟರ್ ಎಳೆಯೋದು 19 ಆಂಪ್ಸ್. ನೀರು ಹೋದ ಮೇಲೆ ಎತ್ತೋಕೆ ಭಾರ ಇರಲ್ಲ, ಅದಕ್ಕೆ 12ಕ್ಕೆ ಇಳಿಯುತ್ತದೆ. ಪೆಟ್ಟಿಗೆಯಲ್ಲಿ ಇದ್ದಿದ್ದು 9. ಒಂಬತ್ತಕ್ಕಿಂತ ಕೆಳಗೆ ಬಂದರೆ ಮಾತ್ರ ನಿಲ್ಲು ಅಂತ. ಅಷ್ಟು ಕೆಳಗೆ ನಮ್ಮ ಮೋಟರ್ ಬರೋದೇ ಇಲ್ಲವಲ್ಲ! ಅವನು ಅದನ್ನು 15 ಮಾಡಿದ, ಎರಡು ನಿಮಿಷದ ಕೆಲಸ. ಮೋಟರ್ ಬದುಕಿದ್ದು ನಮ್ಮ ಪುಣ್ಯ. ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋಕೆ ಇಂಥ ಪೆಟ್ಟಿಗೆ ಐದಾರು ಬರುತ್ತಿತ್ತು.

ಈಗ ಆ ಪದದ ವಿಷಯ. ಇಂಗ್ಲಿಷ್ ಪಾಠ ಹೇಳೋಳು ನಾನು, ಪದಗಳ ಹುಟ್ಟು ಹುಡುಕೋದು ಹಳೇ ಚಟ. ಆವತ್ತು ರಾತ್ರಿ ನಿದ್ದೆ ಬರದೆ ಕಂಟ್ರೋಲ್ ಪದವನ್ನು ಕೆದಕಿದೆ. ಹಿಡಿತ, ಅಧಿಕಾರ, ಕಡಿವಾಣ ಇಂಥದ್ದೇನೋ ಸಿಗುತ್ತದೆ ಅಂದುಕೊಂಡಿದ್ದೆ. ಅದರ ಬೇರಿನಲ್ಲಿ ಇವು ಯಾವುದೂ ಇಲ್ಲ. ಇರೋದು ಲೆಕ್ಕದ ಪುಸ್ತಕ.

ಮಧ್ಯಕಾಲದ ಲ್ಯಾಟಿನ್ನಿನಲ್ಲಿ ಕೊಂತ್ರಾರೊತುಲುಸ್. ಕೊಂತ್ರಾ ಅಂದರೆ ಎದುರು, ರೊತುಲುಸ್ ಅಂದರೆ ಸುರುಳಿ. ಎದುರು ಸುರುಳಿ. ಅದು ಫ್ರೆಂಚರ ಬಾಯಲ್ಲಿ ಸವೆದು, ಹದಿನೈದನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ಕಂಟ್ರೋಲ್ ಆಯಿತು. ಒಬ್ಬ ಬರೆದ ಲೆಕ್ಕವನ್ನು ಇನ್ನೊಬ್ಬ ಬೇರೆ ಸುರುಳಿಯಲ್ಲಿ ಬರೆದಿಟ್ಟು, ಎರಡನ್ನೂ ಪಕ್ಕಪಕ್ಕ ಹಿಡಿದು ತಾಳೆ ನೋಡೋದೇ ಕಂಟ್ರೋಲ್.

ಇಂಗ್ಲೆಂಡ್ ರಾಜರ ಖಜಾನೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದಿತ್ತು. ಲೆಕ್ಕವನ್ನು ಕುರಿ ಚರ್ಮದ ಹಾಳೆ ಮೇಲೆ ಬರೆದು ಸುತ್ತಿ ಇಡುತ್ತಿದ್ದರು, ಪೈಪ್ ರೋಲ್ ಅಂತ ಅದಕ್ಕೆ ಹೆಸರು. ಉಳಿದಿರೋದರಲ್ಲಿ ಹಳೆಯದು 1130ರದು. ಖಜಾಂಚಿ ಕಡೆಯ ಗುಮಾಸ್ತ ಒಂದು ಸುರುಳಿ ಬರೆಯುತ್ತಿದ್ದರೆ, ಆ ಶತಮಾನ ಮುಗಿಯೋ ಮುಂಚೆಯೇ ಪಕ್ಕದಲ್ಲಿ ಚಾನ್ಸಲರ್ ಕಡೆಯ ಗುಮಾಸ್ತನೂ ಬಂದು ಕೂತಿದ್ದ. ಅದೇ ಲೆಕ್ಕ ಅವನ ಸುರುಳಿಗೂ ಏರಬೇಕು, ಒಂದಕ್ಷರ ಹೆಚ್ಚುಕಡಿಮೆ ಆಗಬಾರದು. ಸುರುಳಿ ಎರಡೂ ಒಂದೇ ಆದರೂ ಬರೆಯೋ ಕೈ ಬೇರೆ ಬೇರೆ. ಗುಟ್ಟು ಇರೋದು ಅಲ್ಲೇ.

ಇನ್ನೂ ಸ್ವಲ್ಪ ಕೆದಕಿದರೆ ರೊತುಲುಸ್ ಅನ್ನೋದು ಪುಟ್ಟ ಚಕ್ರ, ರೋತಾ ಅಂದರೆ ಚಕ್ರ. ನಮ್ಮ ಸಂಸ್ಕೃತದ ರಥವೂ ಇದೇ ಬೇರಿನದು, ಅಣ್ಣತಮ್ಮಂದಿರು. ಶಿವರಾತ್ರಿ ಹೊತ್ತಿಗೆ ನಮ್ಮ ಜಿಲ್ಲೆಯ ಆವನಿಯಲ್ಲಿ ಎಳೆಯೋ ರಥಕ್ಕೂ ನಮ್ಮ ಮೋಟರ್ ಮನೆಯ ಪೆಟ್ಟಿಗೆಗೂ ಹೀಗೊಂದು ನೆಂಟಸ್ತಿಕೆ ಇದೆ ಅಂತ ಕ್ಲಾಸಿನಲ್ಲಿ ಹೇಳಿದಾಗ ಹುಡುಗರು ನಂಬಲೇ ಇಲ್ಲ. ಹಾಜರಿ ಕೂಗುವಾಗಿನ ರೋಲ್ ನಂಬರಿನ ರೋಲೂ ಅದೇ ಕಣ್ರೋ ಅಂದ ಮೇಲೆ ಸ್ವಲ್ಪ ನಂಬಿದರು.

ಸಿಎಜಿ ಅನ್ನುತ್ತೇವಲ್ಲ, ಕಂಪ್ಟ್ರೋಲರ್ ಅಂಡ್ ಆಡಿಟರ್ ಜನರಲ್, ಸಂವಿಧಾನದ 148ನೇ ವಿಧಿಯಲ್ಲಿ ಬರೋ ಹುದ್ದೆ, ಅದರ ಮೊದಲಕ್ಷರದ ಕಂಪ್ಟ್ರೋಲರ್ ಕೂಡ ಕಂಟ್ರೋಲರೇ. ಹಿಂದೆ ಯಾರೋ ಇದು ಎಣಿಕೆ ಅನ್ನೋ ಅರ್ಥದ ಫ್ರೆಂಚ್ ಪದದಿಂದ ಬಂದಿದೆ ಅಂದುಕೊಂಡು ಮಧ್ಯೆ ಎಂ, ಪಿ ಎರಡಕ್ಷರ ತುರುಕಿದರು. ತಪ್ಪು ಸ್ಪೆಲ್ಲಿಂಗು, ಆದರೆ ದೊಡ್ಡ ಕುರ್ಚಿಯಲ್ಲಿ ಕೂತಿದ್ದಕ್ಕೆ ಯಾರೂ ತಿದ್ದಲಿಲ್ಲ. ಕೆಲಸ ಮಾತ್ರ ಇವತ್ತಿಗೂ ಹಳೇ ಅರ್ಥದ್ದೇ, ಸರ್ಕಾರ ಬರೆದ ಲೆಕ್ಕದ ಎದುರು ಇನ್ನೊಂದು ಕಣ್ಣು. ಪಾಸ್‌ಪೋರ್ಟ್ ಕಂಟ್ರೋಲ್ ಅನ್ನೋದರಲ್ಲೂ ಹಳೇ ಅರ್ಥ ಉಳಿದಿದೆ. ಪ್ರಯೋಗ ಮಾಡುವಾಗ ಔಷಧಿ ಹೊಡೆಯದೆ ಬಿಡೋ ಸಾಲಿಗೆ ಕಂಟ್ರೋಲ್ ಅನ್ನುತ್ತಾರಲ್ಲ, ಅದೂ ಹೋಲಿಸಿ ನೋಡೋಕೆ ಇಟ್ಟಿದ್ದೇ ಹೊರತು ಹಿಡಿದಿಡೋಕಲ್ಲ.

ತಮಾಷೆ ಅಂದರೆ ಚೆಕ್ ಅನ್ನೋ ಪದ ಇದಕ್ಕೆ ಪೂರಾ ಉಲ್ಟಾ ದಾರಿಯಲ್ಲಿ ಬಂದಿದೆ. ಅದು ಪರ್ಷಿಯನ್ನಿನ ಶಾಹ್, ಚದುರಂಗದ ರಾಜ. ರಾಜನಿಗೆ ಚೆಕ್ ಅಂದರೆ ಆಟ ನಿಲ್ಲಿಸು, ಮೊದಲು ರಾಜನನ್ನು ನೋಡಿಕೋ. ಮೊದಲು ತಡೆಯೋದು ಅನ್ನೋ ಅರ್ಥ, ಆಮೇಲೆ ಪರೀಕ್ಷಿಸೋದು. ಕಂಟ್ರೋಲ್ ಮೊದಲು ಪರೀಕ್ಷಿಸೋದಾಗಿತ್ತು, ಆಮೇಲೆ ಹಿಡಿದಿಡೋದಾಯಿತು. ಎರಡೂ ನಡುದಾರಿಯಲ್ಲಿ ಒಂದನ್ನೊಂದು ದಾಟಿಕೊಂಡು ಹೋಗಿವೆ. ಇನ್ನು ಮ್ಯಾನೇಜ್ ಅನ್ನೋದು ಕುದುರೆ ಪಳಗಿಸೋದರಿಂದ, ಗವರ್ನ್ ಅನ್ನೋದು ಹಡಗಿನ ಚುಕ್ಕಾಣಿಯಿಂದ. ಅವೆರಡರಲ್ಲೂ ಕೈಯಲ್ಲಿ ಏನೋ ಹಿಡಿದಿರಬೇಕು. ಕಂಟ್ರೋಲಿನಲ್ಲಿ ಮಾತ್ರ ಕೈಯಲ್ಲಿರೋದು ಇನ್ನೊಂದು ಪ್ರತಿ.

ನಮ್ಮ ಕನ್ನಡದ ಪದ ನೋಡಿ. ಅಂಕೆ ಇಲ್ಲದ ಕಪಿ ಲಂಕೆ ಸುಟ್ಟಿತು ಅನ್ನುತ್ತೇವೆ. ಅಂಕೆ ಅಂದರೆ ಹತೋಟಿ. ಅಂಕೆ ಅಂದರೆ ಒಂದು, ಎರಡು, ಮೂರು ಕೂಡ ಹೌದು. ದಿನಾ ಬಳಸೋ ಪದ, ನಾನು ಇಷ್ಟು ವರ್ಷ ಇದನ್ನು ಗಮನಿಸಿರಲೇ ಇಲ್ಲ. ಎಣಿಸೋದೂ ಹಿಡಿಯೋದೂ ಒಂದೇ ಪದದಲ್ಲಿ ಕೂತಿವೆ. ನಿಯಂತ್ರಣ ಅನ್ನೋದರಲ್ಲಿ ಯಂತ್ರ ಇದೆ. ಯಂತ್ರ ಅಂದರೂ ಮೂಲದಲ್ಲಿ ಬಿಗಿಯಾಗಿ ಹಿಡಿಯೋದು, ನಿಯಮ, ಸಂಯಮ ಎಲ್ಲ ಅದೇ ಮನೆಯ ಮಕ್ಕಳು. ನಾನು ತಂದಿದ್ದು ಯಂತ್ರ. ಅಂಕೆ ಇದ್ದಿದ್ದು ಅತ್ತೆ ಹತ್ತಿರ.

ಗೋಡೆ ಮೇಲಿನ ಗೀಟಿಗೂ ಒಂದು ಕಥೆ ಇದೆ. ಅದೇ ಇಂಗ್ಲೆಂಡಿನ ಖಜಾನೆಯಲ್ಲಿ ಹಣ ಕಟ್ಟಿದವರಿಗೆ ರಸೀತಿ ಅಂತ ಕೊಡುತ್ತಿದ್ದುದು ಕಡ್ಡಿ. ಕಡ್ಡಿ ಮೇಲೆ ಮೊತ್ತಕ್ಕೆ ತಕ್ಕ ಹಾಗೆ ಕಚ್ಚು ಹಾಕಿ, ಉದ್ದಕ್ಕೆ ಸೀಳಿ, ಒಂದು ಸೀಳು ಕಟ್ಟಿದವರಿಗೆ, ಇನ್ನೊಂದು ಖಜಾನೆಗೆ. ಜೋಡಿಸಿದಾಗ ಕಚ್ಚಿಗೆ ಕಚ್ಚು ಕೂಡಬೇಕು. ಅದಕ್ಕೆ ಟ್ಯಾಲಿ ಅಂತ ಹೆಸರು. ನಮ್ಮ ಅಂಗಡಿಯವರು ಕಂಪ್ಯೂಟರಿನಲ್ಲಿ ಟ್ಯಾಲಿ ಅನ್ನೋದೂ, ಲೆಕ್ಕ ಟ್ಯಾಲಿ ಆಯ್ತಾ ಅನ್ನೋದೂ ಅಲ್ಲಿಂದಲೇ. ಕಡ್ಡಿ ಲೆಕ್ಕ ನಿಂತಿದ್ದು 1826ರಲ್ಲಿ. ರಾಶಿ ಬಿದ್ದಿದ್ದ ಹಳೇ ಕಡ್ಡಿಗಳನ್ನು 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟಿನ ಒಲೆಗೆ ತುಂಬಿದರು. ಬೆಂಕಿ ಜಾಸ್ತಿಯಾಗಿ ಪಾರ್ಲಿಮೆಂಟೇ ಸುಟ್ಟುಹೋಯಿತು. ಇದನ್ನು ಅತ್ತೆಗೆ ಹೇಳಿದರೆ, ‘ಲೆಕ್ಕ ಸುಡಬಾರದಮ್ಮಾ’ ಅಂತ ಅಷ್ಟೇ ಅಂದು ಎದ್ದು ಹೋದರು.

ಅವರಿಗೆ ಇದೆಲ್ಲ ಹೊಸದೇನಲ್ಲ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುತ್ತಾರೆ. ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಅಂತ ಡೇರಿ ಪುಸ್ತಕಕ್ಕೂ ಏರುತ್ತದೆ, ಕೈಗೆ ಚೀಟಿಯೂ ಬರುತ್ತದೆ. ಬಟವಾಡೆ ದಿನ ಆ ಚೀಟಿಗಳನ್ನೆಲ್ಲ ಜಗಲಿ ಮೇಲೆ ಹರಡಿಕೊಂಡು ಮೊಮ್ಮಗಳ ಕೈಲಿ ಕೂಡಿಸುತ್ತಾರೆ. ಕೋಲಾರ ಮಂಡಿಗೆ ಟೊಮೆಟೊ ಕಳಿಸುವಾಗ ಹದಿನೈದು ಕೆಜಿ ಬಾಕ್ಸ್ ಎಷ್ಟು ಹತ್ತಿಸಿದೆವು ಅನ್ನೋದು ಬಾಗಿಲ ಹಿಂದೆ ಬರೆದಿರುತ್ತದೆ, ಮಂಡಿ ಪಟ್ಟಿ ಬಂದ ಮೇಲೆ ಎರಡನ್ನೂ ಸೇರಿಸಿ ನೋಡುತ್ತಾರೆ. ಜಗಳ ಆಡಿದ್ದು ನಾನು ನೋಡಿಲ್ಲ. ಎದುರು ಚೀಟಿ ಇದೆ ಅಂತ ಗೊತ್ತಿದ್ದರೆ ಜಗಳ ಯಾಕೆ ಬರುತ್ತದೆ, ಅಲ್ವಾ?

ಸರಿ, ಪೆಟ್ಟಿಗೆಗೆ ವಾಪಸ್ ಬರೋಣ. ಸೆಟ್ಟಿಂಗ್ ಸರಿ ಮಾಡಿದ ಮೇಲೆ ಮೂರು ದಿನ ಪರೀಕ್ಷೆ ಮಾಡಿದೆವು. ಅತ್ತೆ ಗೋಡೆಯಲ್ಲಿ ಐದು ಗೀಟು, ನನಗೆ ಮೆಸೇಜು 2 ಗಂಟೆ 40 ನಿಮಿಷ, ಕಾರಣ ಡ್ರೈ ರನ್, ಅಂದರೆ ನೀರಿಲ್ಲದೆ ಓಡೋದು. ಮಾರನೇ ದಿನ ಗೋಡೆಯಲ್ಲಿ ಐದು, ಮೆಸೇಜು 2:35. ಆವತ್ತು ಮೊದಲ ಸಲ ಈ ಪೆಟ್ಟಿಗೆಗೆ ಕೊಟ್ಟ ದುಡ್ಡು ದಕ್ಕಿತು ಅನ್ನಿಸಿತು. ನಿಂತ ಮೇಲೆ ಮೂರು ಗಂಟೆ ಬಿಟ್ಟು ತಾನೇ ಮತ್ತೆ ಹತ್ತೋ ಹಾಗೆ ಇಟ್ಟಿದ್ದೇವೆ, ಅಷ್ಟರಲ್ಲಿ ಬೋರಿಗೆ ಸ್ವಲ್ಪ ನೀರು ಊರಿರುತ್ತದೆ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸೋದು, 2018ರಲ್ಲಿ ಕೋಲಾರದ ಕೆರೆಗಳಿಗೆ ಬರೋಕೆ ಶುರುವಾದ ಮೇಲೆ ನಮ್ಮ ಬೋರು ಸುಧಾರಿಸಿದೆ, ಆದರೂ ಬೇಸಿಗೆಯಲ್ಲಿ ಈ ಆಟ ತಪ್ಪಿದ್ದಲ್ಲ.

ಬೇರೆ ತಕರಾರುಗಳು ಸಣ್ಣವು. ಪೆಟ್ಟಿಗೆಯ ಕೆಳಗಿನ ವೈರ್ ತೂತು ದೊಡ್ಡದು, ಅಲ್ಲಿಂದ ಹಲ್ಲಿ ನುಗ್ಗುತ್ತದೆ. ನಮ್ಮ ಹಳೇ ಸ್ಟಾರ್ಟರಿನಲ್ಲಿ ಹಲ್ಲಿ ಕಾಂಟ್ಯಾಕ್ಟರ್ ಮಧ್ಯೆ ಸಿಕ್ಕಿ ಸತ್ತು ಒಂದು ದಿನ ಪೂರ್ತಿ ಹಾಳಾಗಿತ್ತು, ಅದಕ್ಕೆ ಈ ಸಲ ಮೊದಲೇ ಎಂಸೀಲ್ ಮೆತ್ತಿದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಗುಡುಗು ಮಿಂಚಿಗೆ ಒಳಗಿನ ಬೋರ್ಡ್ ಹೋಗುತ್ತದಂತೆ, ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಬಿಡುತ್ತಿರಿ. ಸಿಮ್ ರೀಚಾರ್ಜ್ ಮುಗಿದರೆ ಪೆಟ್ಟಿಗೆ ಮೂಕ, ಮೋಟರ್ ಓಡುತ್ತಲೇ ಇರುತ್ತದೆ, ನಿಮಗೆ ಸುದ್ದಿ ಮಾತ್ರ ಬರಲ್ಲ. ಕನ್ನಡದಲ್ಲಿ ಮಾತಾಡುತ್ತದೆ ಅಂತ ಹೇಳಿ ಮಾರಿದರು. ಮಾತಾಡುತ್ತದೆ, ಆದರೆ ‘ನಿಮ್ಮ ಮೋಟರು ಪ್ರಾರಂಭಗೊಂಡಿರುತ್ತದೆ’ ಅಂತ ಕೋರ್ಟ್ ನೋಟಿಸಿನ ಕನ್ನಡದಲ್ಲಿ.

ತಗೊಳ್ಳೋರಿಗೆ ನನ್ನ ಮಾತು ಇಷ್ಟೇ. ಕೂರಿಸೋ ದಿನ ನೀವು ಅಲ್ಲೇ ನಿಂತಿರಿ. ನೀರು ಬರುವಾಗ ಎಷ್ಟು ಆಂಪ್ಸ್, ಗೇಟ್‌ವಾಲ್ ಮುಚ್ಚಿದಾಗ ಎಷ್ಟು, ನೀರು ಹೋದ ಮೇಲೆ ಎಷ್ಟು ಅಂತ ಬರೆಸಿಕೊಳ್ಳಿ. ಡ್ರೈ ರನ್ ನಂಬರ್ ಎಷ್ಟಕ್ಕೆ ಇಟ್ಟಿದ್ದೀಯಪ್ಪಾ ಅಂತ ಕೇಳಿ. ‘ಫ್ಯಾಕ್ಟರಿ ಸೆಟ್ಟಿಂಗು’ ಅಂದರೆ ದುಡ್ಡು ಕೊಡಬೇಡಿ. ಮನೆಯಲ್ಲಿ ಯಾರಾದರೂ ಗೋಡೆ ಮೇಲೆ ಗೀಟು ಹಾಕುತ್ತಿದ್ದರೆ ಬೈಯಬೇಡಿ.

ಸದ್ಯಕ್ಕೆ ಐದಕ್ಕೆ ಮೂರೂವರೆ ಸ್ಟಾರ್. ಮೆಸೇಜುಗಳು ನೂರು ದಾಟಿದರೆ ಹಳೆಯವು ಅಳಿಸಿಹೋಗುತ್ತವೆ, ತಿಂಗಳ ಲೆಕ್ಕ ಒಟ್ಟಿಗೆ ನೋಡೋಕೆ ಆಗಲ್ಲ. ಅದೊಂದು ಸರಿ ಮಾಡಿದರೆ ಇನ್ನರ್ಧ ಕೊಡುತ್ತೇನೆ. ಈ ಯುಗಾದಿಗೆ ಮೋಟರ್ ಮನೆಗೆ ಸುಣ್ಣ ಹೊಡೆಸಿದೆವು, ಬಾಗಿಲ ಪಕ್ಕದ ಆ ಗೋಡೆಯೊಂದನ್ನು ಅತ್ತೆ ಮುಟ್ಟೋಕೆ ಬಿಡಲಿಲ್ಲ.